ಹೂಂಗುಟ್ಟದ ಊರಿನಲ್ಲಿ ದೊಡ್ಡಪ್ಪನ ಹಾಡು

ಹಿರಿಯೂರು

ಇದು ಆಗದ ಮಾತು ಎಂದವರು ಇಬ್ಬರು. ಒಬ್ಬರು ನನ್ನ ಸೋದರಮಾವ ತಿಪ್ಪೇಸ್ವಾಮಿ, ಹಿರಿಯೂರಿನಲ್ಲಿ ತೆಂಗಿನಕಾಯಿ ಮಂಡಿ ಇಟ್ಟವರು. ಇನ್ನೊಬ್ಬರು ಇಂಗ್ಲೆಂಡಿನ ಗ್ರಹಾಂ. ಅವರ ಮುಖ ಆಗಿನ್ನೂ ನೋಡಿರಲಿಲ್ಲ, ಬರಹ ಮಾತ್ರ ಓದಿದ್ದೆ.

ವೀಸಾ ಬಂದ ಸುದ್ದಿ ಹೇಳಲು ಮಂಡಿಗೆ ಹೋದೆ. ಮಾವ ಕಾಯಿ ರಾಶಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಇಂಗ್ಲೆಂಡಿಗಾ? ಯಾತಕ್ಕವ್ವ?"

"ಹಾಡು ಕೇಳೋಕೆ, ಮಾವ."

ಮಾವ ಕಾಯಿ ಸುಲಿಯುತ್ತಿದ್ದವನ ಕಡೆ ತಿರುಗಿದರು. "ಕೇಳಿದ್ಯೇನಲೇ? ನಮ್ಮಕ್ಕನ ಮಗಳು ವಿಮಾನ ಹತ್ತಿ ಹಾಡು ಕೇಳೋಕೆ ಹೋಗ್ತಾಳಂತೆ. ಮಾಡದಕೆರೇಲಿ ರೇಡಿಯೋ ಕೆಟ್ಟೈತೇನೋ."

ಅವನು ನಕ್ಕ. ನಾನೂ ನಕ್ಕೆ, ಆದರೆ ಎದ್ದು ಬರಲಿಲ್ಲ.

"ನೋಡು ಲಕ್ಕಿ, ಹುಣಿಸೆ ಮರದಾಗೆ ತೆಂಗಿನಕಾಯಿ ಬಿಡಲ್ಲ. ಕುರಿ ಮಂದೆ ಹಿಂದೆ ಹೋದವ್ರ ಮನೆ ಹುಡುಗಿ ನೀನು. ಅವ್ರ ಮುಂದೆ ನಿಂತು ಅವ್ರ ಸಂಗೀತ ಹಿಂಗೆ, ಹಂಗೆ ಅಂತ ಹೇಳಿದ್ರೆ ಯಾರು ಕೇಳ್ತಾರೆ?"

ನಾನು ಪದವಿಗೆ ಸೇರಿದಾಗಲೂ ಮಾವ ಇದೇ ಹುಣಿಸೆ ಮರದ ಮಾತು ಆಡಿದ್ದರು. ಎಂ.ಎ.ಗೆ ಸೇರಿದಾಗಲೂ ಅದೇ ಮರ. ನಮ್ಮದು ಹೊಸದುರ್ಗ ತಾಲ್ಲೂಕಿನ ಮಾಡದಕೆರೆ, ಕುರಿ ಸಾಕುವ ಮನೆ. ನನಗಿಂತ ಮೊದಲು ನಮ್ಮಲ್ಲಿ ಹತ್ತನೇ ತರಗತಿ ದಾಟಿದವರಿಲ್ಲ. ಸಿರಿಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದಿದೆ, ಚಿತ್ರದುರ್ಗದಲ್ಲಿ ಎಂ.ಎ. ಮುಗಿಸಿದೆ, ಈಗ ಹೊಸದುರ್ಗದಲ್ಲಿ ಅತಿಥಿ ಉಪನ್ಯಾಸಕಿ. ಬರೆಯಲು ಒಂದು ವಾಕ್ಯ ಸಾಕಾಯಿತು. ಮಾಡಲು ಎಷ್ಟು ಬೇಕಾಯಿತು ಎನ್ನುವುದು ಹಾಸ್ಟೆಲಿನ ಗೋಡೆಗೆ ಗೊತ್ತು.

"ಕೇಳಿಸ್ತೀನಿ ಮಾವ," ಎಂದು ಹೇಳಿ ಹೊಸದುರ್ಗದ ಬಸ್ಸು ಹತ್ತಿದೆ.

ಹೊಳಲ್ಕೆರೆ

ಓದುವವರಿಗೆ ಅನುಮಾನ ಬರುವುದು ಸಹಜ. ಕುರಿ ಮನೆಯ ಹುಡುಗಿಗೆ ಪ್ರೊಗ್ರೆಸಿವ್ ರಾಕ್ ಎನ್ನುವ ಇಂಗ್ಲೆಂಡಿನ ಸಂಗೀತ ಎಲ್ಲಿಂದ ಗಂಟುಬಿತ್ತು? ಹೊಳಲ್ಕೆರೆಯಿಂದ. ಪದವಿಯ ಎರಡನೇ ವರ್ಷ ಅಲ್ಲಿನ ಬಸ್ ನಿಲ್ದಾಣದ ಹಿಂದಿನ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಸಿನಿಮಾ ಹಾಡು ತುಂಬಿಸಲು ಕೊಟ್ಟೆ. ಅಂಗಡಿಯವರು ಬೇರೆ ಯಾರದೋ ಕಾರ್ಡು ಕೊಟ್ಟು ಕಳಿಸಿದರು. ಬಸ್ಸಿನಲ್ಲಿ ಕಿವಿಗೆ ಹಾಕಿಕೊಂಡರೆ ಒಂದು ಹಾಡು ಶುರುವಾಯಿತು, ಮುಗಿಯಲೇ ಇಲ್ಲ. ಹೊಳಲ್ಕೆರೆಯಲ್ಲಿ ಹತ್ತಿದ ಹಾಡು ಸಿರಿಗೆರೆಯಲ್ಲಿ ಇಳಿಯಿತು. ನಡುವೆ ಅದು ನಾಲ್ಕು ಸಲ ನಡೆ ಬದಲಿಸಿತು, ಒಮ್ಮೆ ನಿಂತೇಬಿಟ್ಟಿತು, ಮತ್ತೆ ಎಲ್ಲಿಂದಲೋ ಮೊದಲ ಸಾಲಿಗೆ ಬಂತು.

ನನಗೆ ಇದು ಹೊಸದು ಅನ್ನಿಸಲೇ ಇಲ್ಲ. ನಮ್ಮ ದೊಡ್ಡಪ್ಪ ಬೀರಪ್ಪ ಹಾಡುವುದೂ ಹೀಗೆಯೇ. ಕುರಿ ಮಂದೆ ಊರು ಬಿಟ್ಟು ಮೇವಿಗೆ ಹೋಗಿ ಬರುವ ಕಥೆಯನ್ನು ಅವರು ಒಂದೇ ಹಾಡಾಗಿ ಹಾಡುತ್ತಾರೆ. ಮುಗಿಯಲು ಮುಕ್ಕಾಲು ಗಂಟೆ ಬೇಕು.

ಆಮೇಲೆ ಅಂತರ್ಜಾಲದಲ್ಲಿ ಈ ಸಂಗೀತದ ಅಭಿಮಾನಿಗಳ ಕಟ್ಟೆಯೊಂದು ಸಿಕ್ಕಿತು. ಅಲ್ಲಿ ಜನ ಸಂಗೀತ ಕೇಳುವುದಕ್ಕಿಂತ ಹೆಚ್ಚು ಹೊತ್ತು ಯಾವುದು ಈ ಪಂಗಡಕ್ಕೆ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂದು ಜಗಳವಾಡುತ್ತಾರೆ. ಹಾಡು ಉದ್ದ ಇದ್ದರೆ ಸಾಲದು, ಕೀಬೋರ್ಡ್ ಇರಬೇಕು ಎನ್ನುವವರು ಕೆಲವರು. ಗಿಟಾರ್ ಗಟ್ಟಿಯಾದರೆ ಅದು ಮೆಟಲ್ ಎನ್ನುವ ಬೇರೆ ಪಂಗಡ, ಹೊರಗೆ ಕಳಿಸಿ ಎನ್ನುವವರು ಕೆಲವರು. ಎಪ್ಪತ್ತರ ದಶಕ ಮುಗಿದ ಮೇಲೆ ಬಂದದ್ದೆಲ್ಲ ನಕಲು ಎನ್ನುವವರು ಮೇಲಿನ ಸಾಲಿನಲ್ಲಿ ಕೂತಿದ್ದರು. ಗ್ರಹಾಂ ಅವರ ಯಜಮಾನ.

ನಾನು ಒಂದು ದಿನ ಬರೆದೆ: ಮುಂದಕ್ಕೆ ಹೋಗುವ ಸಂಗೀತ ಎಂದು ಹೆಸರಿಟ್ಟುಕೊಂಡು ಐವತ್ತು ವರ್ಷದಿಂದ ಒಂದೇ ಕಡೆ ನಿಂತಿದ್ದೀರಲ್ಲ, ನಮ್ಮ ದೊಡ್ಡಪ್ಪನ ಹಾಡು ನಿಮಗಿಂತ ಮುಂದೆ ನಡೆದಿದೆ. ಗ್ರಹಾಂ ಎರಡೇ ಸಾಲಿನಲ್ಲಿ ಉತ್ತರಿಸಿದರು: "ಈ ಸಂಗೀತ ಹುಟ್ಟಿದ ಊರಿನ ಮಳೆಯಲ್ಲಿ ನೆಂದವರಿಗೆ ಇದು ಏನೆಂದು ಗೊತ್ತು. ಭಾರತದ ಕುರುಬರ ಹಾಡು ಇದಕ್ಕೆ ಸೇರುವುದು ಎಂದೂ ಆಗದ ಮಾತು."

ಆ ಜಗಳ ಮೂರು ವಾರ ನಡೆಯಿತು. ಅದನ್ನು ಓದುತ್ತಿದ್ದ ಹೆಲೆನ್ ಎನ್ನುವವರು ತಾವು ನಡೆಸುವ ಒಂದು ವಾರದ ಶಿಬಿರಕ್ಕೆ ಅರ್ಜಿ ಹಾಕಲು ಹೇಳಿದರು. ಹಾಕಿದೆ. ಬಾ ಎಂದರು.

ಮಾಡದಕೆರೆ

ಶಿಬಿರದ ನಿಯಮ ಇಷ್ಟು. ಪ್ರತಿಯೊಬ್ಬರೂ ಒಂದು ಹಾಡು ತರಬೇಕು, ಕೊನೆಯ ದಿನ ಎಲ್ಲರ ಮುಂದೆ ಕೇಳಿಸಬೇಕು, ಇದು ಪಂಗಡಕ್ಕೆ ಸೇರುತ್ತದೆ ಎಂದು ವಾದಿಸಿ ಗೆಲ್ಲಬೇಕು. ಹೆಚ್ಚು ಜನ ಒಪ್ಪಿದರೆ ಪ್ರಮಾಣಪತ್ರ. ಅದರಲ್ಲಿ ತಂದವರ ಹೆಸರು, ಹಾಡಿದವರ ಹೆಸರು ಎರಡೂ ಇರುತ್ತವೆ.

ಆ ಎರಡನೆಯ ಹೆಸರಿಗಾಗಿಯೇ ನಾನು ಹೊರಟದ್ದು. ನಾನು ಐದನೇ ತರಗತಿಯಲ್ಲಿದ್ದಾಗ ದೊಡ್ಡಪ್ಪ ಒಂದು ಪುಸ್ತಕ ತಂದು ನನ್ನ ಕೈಗಿಟ್ಟಿದ್ದರು. ಎಲ್ಲಿಂದಲೋ ಬಂದವರು ನಾಲ್ಕು ದಿನ ಕೂತು ಹಾಡು ಬರೆದುಕೊಂಡು ಹೋಗಿದ್ದರು, ಅದು ಅಚ್ಚಾಗಿ ಬಂದಿತ್ತು. "ನನ್ನೆಸ್ರು ಎಲ್ಲೈತೆ ಓದವ್ವ," ಎಂದರು. ಹುಡುಕಿದೆ. ಹಾಡಿನ ಕೆಳಗೆ ಹೀಗಿತ್ತು: ಹೆಸರು ತಿಳಿಯದ ಜನಪದ ಗಾಯಕ. ನಾನು ಅದನ್ನೇ ಓದಿದೆ. ಓದಬಾರದಿತ್ತೋ ಏನೋ. ದೊಡ್ಡಪ್ಪ ಪುಸ್ತಕ ಮುಚ್ಚಿ ಹೊದಿಕೆಯನ್ನು ಒಮ್ಮೆ ಒರೆಸಿದರು. "ನಾಕು ದಿನ ನಮ್ಮನೇಲೇ ಉಂಡ್ರು," ಎಂದರು, ಅಷ್ಟೇ.

ಈ ಸಲ ನನ್ನ ಫೋನಿಗೆ ಹಾಡಿದ ಮೇಲೆ ಅವರು ಕೇಳಿದ್ದು ಒಂದೇ ಮಾತು. "ಹೆಸ್ರು ಹೇಳ್ತೀಯಾ?"

"ಹೇಳ್ದೆ ಬರಲ್ಲ ದೊಡ್ಡಪ್ಪ."

ಹೊರಡುವ ದಿನ ತಮ್ಮ ಕರಿ ಕಂಬಳಿ ಮಡಿಚಿ ಕೊಟ್ಟರು. ಅಲ್ಲಿ ಚಳಿಯಂತೆ. ಬೇಡ ಎನ್ನಲಾಗಲಿಲ್ಲ. ಇಂಗ್ಲೆಂಡಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ನಾಯಿ ನನ್ನ ಚೀಲದ ಮುಂದೆ ಕೂತುಬಿಟ್ಟಿತು. ಅಧಿಕಾರಿ ಚೀಲ ಬಿಚ್ಚಿಸಿದರು. ಶೇಂಗಾ ಚಟ್ನಿಪುಡಿ ಮೂಸಿ ಸೀನಿದರು. ಏನೂ ಸಿಗಲಿಲ್ಲ. ನಾಯಿ ಮಾತ್ರ ಕಂಬಳಿಯ ಮೇಲೆ ಗದ್ದ ಊರಿ ಮಲಗಿತ್ತು, ಎಳೆದರೂ ಏಳಲಿಲ್ಲ. "ಇದು ಮೊದಲು ಕುರಿ ಕಾಯುತ್ತಿತ್ತು," ಎಂದರು ಅಧಿಕಾರಿ, ಸ್ವಲ್ಪ ನಾಚಿಕೊಂಡು. ಇಂಗ್ಲೆಂಡಿನಲ್ಲಿ ನನ್ನನ್ನು ಗುರುತು ಹಿಡಿದ ಮೊದಲ ಪ್ರಾಣಿ ಅದು.

ಕ್ಯಾಂಟರ್ಬರಿ, ಮೊದಲ ದಿನ

ಶಿಬಿರ ನಡೆಯುವ ಕ್ಯಾಂಟರ್ಬರಿ ಹಳೆಯ ಊರು. ಊರ ಸುತ್ತ ಕೋಟೆ ಗೋಡೆ ಇದೆ. ಇವರು ಅದನ್ನು ಬಹಳ ದೊಡ್ಡದು ಎಂದುಕೊಂಡಿದ್ದಾರೆ. ಚಿತ್ರದುರ್ಗದಿಂದ ಬಂದವಳು ನಾನು, ಏನೂ ಹೇಳಲಿಲ್ಲ. ಆದರೆ ಈ ಸಂಗೀತ ಹುಟ್ಟಿದ ಊರುಗಳಲ್ಲಿ ಇದೂ ಒಂದು, ಹಾಗಾಗಿ ಈ ಪಂಗಡದವರಿಗೆ ಊರೇ ಒಂದು ಕ್ಷೇತ್ರ. ಒಂದು ಬೀದಿಯಲ್ಲಿ ನಾಲ್ಕು ಗಂಡಸರು ಮುಚ್ಚಿದ ಅಂಗಡಿಯೊಂದರ ಮುಂದೆ ಟೋಪಿ ತೆಗೆದು ನಿಂತಿದ್ದರು. ಒಳಗೆ ಯಾರೋ ಅರ್ಧ ಶತಮಾನದ ಹಿಂದೆ ಆರ್ಗನ್ ಬಾರಿಸುತ್ತಿದ್ದರಂತೆ. ಈಗ ಅಲ್ಲಿ ಚಪ್ಪಲಿ ಮಾರುತ್ತಾರೆ.

ಹೆಲೆನ್ ಅವರ ಮನೆ ಊರ ಹೊರಗೆ. ಮನೆಯ ಹಿಂದೆ ಹುಲ್ಲುಗಾವಲು, ಅದರಲ್ಲಿ ನೂರಕ್ಕೂ ಹೆಚ್ಚು ಕುರಿ, ಬೆನ್ನ ಮೇಲೆ ನೀಲಿ ಬಣ್ಣದ ಗುರುತು. ನಮ್ಮಲ್ಲೂ ಹಾಗೆಯೇ ಬಣ್ಣ ಹಚ್ಚುತ್ತೇವೆ. ಆದರೆ ಎಷ್ಟು ಹೊತ್ತು ನೋಡಿದರೂ ಕಾಯುವವರೇ ಇಲ್ಲ.

"ಇವುಗಳ ಜೊತೆ ಯಾರಿದ್ದಾರೆ?" ಎಂದು ಕೇಳಿದೆ.

"ಬೇಲಿ ಇದೆಯಲ್ಲ," ಎಂದರು ಹೆಲೆನ್.

ಬೇಲಿಗೆ ಕುರಿ ಒಪ್ಪಿಸಿ ಮನೆಯಲ್ಲಿ ಕೂರುವ ಜನ. ಹಾಡಿಗೂ ಬೇಲಿ ಹಾಕಿದ್ದರಲ್ಲಿ ಆಶ್ಚರ್ಯವಿಲ್ಲ ಅನ್ನಿಸಿತು.

ಎರಡನೆಯ ದಿನ

ಶಿಬಿರ ಇದ್ದದ್ದು ಒಂದು ಹಳೆಯ ಸಭಾಭವನದಲ್ಲಿ. ಹೆಲೆನ್ ಮತ್ತು ನನ್ನನ್ನು ಬಿಟ್ಟು ಹದಿನಾಲ್ಕು ಜನ. ಗ್ರಹಾಂ ಮುಂದಿನ ಸಾಲಿನಲ್ಲಿದ್ದರು. ಎಪ್ಪತ್ತು ದಾಟಿದ, ಉದ್ದನೆಯ, ಬಾಗಿದ ಮನುಷ್ಯ. ಊರಿನಲ್ಲಿ ಅಂಚೆ ಹಂಚುತ್ತಿದ್ದವರು, ಈಗ ನಿವೃತ್ತರು. ನನ್ನನ್ನು ಕಂಡು ಎದ್ದು ಕೈಕುಲುಕಿದರು. "ಮಳೆಯಲ್ಲಿ ನೆಂದಿರಾ?" ಎಂದರು.

"ಬಂದಾಗಿನಿಂದ ನೆನೆಯುತ್ತಲೇ ಇದ್ದೇನೆ. ಇನ್ನೂ ಏನೂ ತಿಳಿದಿಲ್ಲ," ಎಂದೆ.

ಇವರ ಪದ್ಧತಿ ಹೇಳಬೇಕು. ಗ್ರಾಮಫೋನಿನ ದೊಡ್ಡ ಕಪ್ಪು ತಟ್ಟೆಯ ಒಂದು ಮಗ್ಗುಲು ಮುಗಿಯುವವರೆಗೆ ಯಾರೂ ಮಾತಾಡುವುದಿಲ್ಲ, ಕೆಮ್ಮುವುದಿಲ್ಲ, ಕಾಲು ಸಹ ಅಲ್ಲಾಡಿಸುವುದಿಲ್ಲ. ಕಣ್ಣು ಮುಚ್ಚಿ ಕೂರುತ್ತಾರೆ. ನಮ್ಮಲ್ಲಿ ಹಾಗೆ ಕೂತರೆ ಹಾಡುವವರು ಎದ್ದು ಹೋಗುತ್ತಾರೆ. ಕಥೆ ಹಾಡುವವರ ಮುಂದೆ ಕೂತವರು ಪ್ರತಿ ಸಾಲು ಮುಗಿದಾಗ ಹೂಂ ಎನ್ನಬೇಕು. ಹೂಂ ಎಂದರೆ ಕೇಳುತ್ತಿದ್ದೇನೆ, ಮುಂದೆ ಹೇಳು ಎಂದು. ಸುಮ್ಮನಿದ್ದರೆ ನಿನ್ನ ಹಾಡು ಬೇಡ ಎಂದು.

ತಟ್ಟೆ ತಿರುಗತೊಡಗಿತು. ಕೊಳಲಿನಂಥ ದನಿಯಿಂದ ಶುರುವಾಗಿ ನಿಧಾನ ಏರಿತು. ಒಂದು ಸುತ್ತು ಮುಗಿದು ಇನ್ನೊಂದಕ್ಕೆ ತಿರುಗುವಾಗ ನನ್ನ ಬಾಯಿಂದ ತಾನಾಗಿ ಬಂತು, "ಹೂಂ."

ಮುಂದಿನ ಸಾಲಿನ ತಲೆಗಳು ತಿರುಗಿದವು. ಬಾಯಿಗೆ ಸೆರಗು ಒತ್ತಿಕೊಂಡೆ. ಎರಡು ನಿಮಿಷ ತಡೆದೆ. ಡ್ರಮ್ಮಿನವರು ಒಂದು ಕಡೆ ಎಲ್ಲರನ್ನೂ ಹಳ್ಳಕ್ಕೆ ಇಳಿಸಿ ದಡ ಹತ್ತಿಸಿದರು ನೋಡಿ, ಮತ್ತೆ "ಹೂಂ." ಈ ಸಲ ಜೋರಾಗಿಯೇ.

ಗ್ರಹಾಂ ಎದ್ದು ಮುಳ್ಳು ಎತ್ತಿಬಿಟ್ಟರು.

"ನಿಮಗೆ ಹುಷಾರಿಲ್ಲವೇ?" ಎಂದರು.

ವಿವರಿಸಿದೆ. ಕೆಲವರು ನಕ್ಕರು. ಗ್ರಹಾಂ ನಗಲಿಲ್ಲ. "ಈ ತಟ್ಟೆಯೊಳಗಿನವರಿಗೆ ನೀವು ಹೂಂ ಎಂದದ್ದು ಕೇಳಿಸುವುದಿಲ್ಲ," ಎಂದರು.

"ನಿಮ್ಮ ಪಕ್ಕ ಕೂತವರಿಗೆ ಕೇಳಿಸುತ್ತದಲ್ಲ."

"ಅದೇ ತೊಂದರೆ," ಎಂದು ಮುಳ್ಳನ್ನು ಮತ್ತೆ ಮೊದಲಿಂದ ಇಟ್ಟರು.

ಆ ದಿನವೆಲ್ಲ ಹಲ್ಲು ಕಚ್ಚಿ ಕೂತೆ. ಹಾಸ್ಟೆಲಿನ ಮೊದಲ ವರ್ಷ ನನ್ನ ಭಾಷೆಗೆ ನಕ್ಕರು ಎಂದು ಎರಡು ತಿಂಗಳು ಬಾಯಿ ಬಿಟ್ಟಿರಲಿಲ್ಲ. ಆಮೇಲೆ ಬಿಟ್ಟೆ, ಇನ್ನೂ ಮುಚ್ಚಿಲ್ಲ. ಇಲ್ಲಿ ಎರಡು ತಿಂಗಳು ಕಾಯಲು ಸಮಯವಿರಲಿಲ್ಲ.

ನಾಲ್ಕನೆಯ ದಿನ

ಹೂಂ ಅನ್ನದೆ ಕೂತ ನನಗೆ ಜಗಳದಲ್ಲಿ ಬಾಯಿ ಹಾಕುವ ಅವಕಾಶ ನಾಲ್ಕನೆಯ ದಿನ ಸಿಕ್ಕಿತು. ಚಹದ ಹೊತ್ತು ಒಂದು ತುಣುಕಿನ ತಾಳದ ಎಣಿಕೆ ಎಷ್ಟು ಎಂದು ಮೂವರು ಕೂಗಾಡುತ್ತಿದ್ದರು. ಒಬ್ಬರು ಆರು ಎಂದರು, ಒಬ್ಬರು ಎಂಟು ಎಂದರು, ಗ್ರಹಾಂ ಕಾಗದದ ಮೇಲೆ ಗೆರೆ ಹಾಕುತ್ತಿದ್ದರು.

"ಏಳು," ಎಂದೆ. "ಜೋಡಿ, ಜೋಡಿ, ಜೋಡಿ, ಒಂಟಿ."

ನಮ್ಮಪ್ಪ ಹಟ್ಟಿಯ ಬಾಗಿಲಲ್ಲಿ ಕುರಿ ಎಣಿಸುವುದು ಹಾಗೆ. ಕುರಿ ಜೋಡಿ ಜೋಡಿಯಾಗಿ ನುಗ್ಗುತ್ತವೆ, ಕೊನೆಗೊಂದು ಒಂಟಿ ಉಳಿಯುತ್ತದೆ. ಮೇಜಿನ ಮೇಲೆ ಬೆರಳಿಂದ ತಟ್ಟಿ ತೋರಿಸಿದೆ. ಗ್ರಹಾಂ ತುಣುಕು ಮತ್ತೆ ಹಾಕಿ ಗೆರೆ ಎಣಿಸಿದರು. ಆಮೇಲೆ ಕಾಗದ ಮಡಿಚಿ ಜೇಬಿಗಿಟ್ಟುಕೊಂಡು ನನ್ನ ಲೋಟಕ್ಕೆ ಚಹ ಬಗ್ಗಿಸಿದರು. ಸಕ್ಕರೆ ಹಾಕಲಿಲ್ಲ. ನಾನೂ ಕೇಳಲಿಲ್ಲ.

ಕೊನೆಯ ದಿನ

ನನ್ನ ಸರದಿ ಬೆಳಿಗ್ಗೆ ಹನ್ನೊಂದಕ್ಕೆ. ಕಂಬಳಿ ಹೊದ್ದು ನಿಂತೆ. ಚಳಿಗಲ್ಲ.

ದೊಡ್ಡಪ್ಪನ ಹಾಡಿನಲ್ಲಿ ಮಂದೆ ಹಳ್ಳ ದಾಟುವ ಭಾಗ ಕೇಳಿಸಿದೆ. ಆವರೆಗೆ ಸರಾಗವಾಗಿ ನಡೆದ ಹಾಡು ಅಲ್ಲಿ ಮುರಿದು ಏಳರ ನಡೆಗೆ ಬೀಳುತ್ತದೆ, ದಡ ಹತ್ತಿದ ಮೇಲೆ ಮತ್ತೆ ಸರಿಹೋಗುತ್ತದೆ. ಕಥೆ ಬದಲಾದಂತೆ ನಡೆ ಬದಲಾಗುತ್ತದೆ, ಒಬ್ಬ ಮನುಷ್ಯ ಯೋಚಿಸಿ ಕಟ್ಟಿದ್ದಾನೆ, ನೀವು ಈ ಸಂಗೀತಕ್ಕೆ ಹಾಕಿದ ಷರತ್ತು ಇದಲ್ಲದೆ ಇನ್ನೇನು ಎಂದೆ.

ಗ್ರಹಾಂ ಎದ್ದರು. "ಕೇಳಲು ಚೆನ್ನಾಗಿದೆ. ಆದರೆ ಇದನ್ನು ಯಾರೂ ಕಟ್ಟಿಲ್ಲ, ತಲೆಮಾರಿನಿಂದ ಬಂದದ್ದು. ಆ ಜಾಗದಲ್ಲಿ ಹಾಡುವವರು ಒಂದು ಪೆಟ್ಟು ತಪ್ಪಿದ್ದಾರೆ. ತಪ್ಪನ್ನು ರಚನೆ ಎನ್ನಲಾಗದು."

ತಪ್ಪಿದ್ದಾರೆ. ಹೆಸರು ತಿಳಿಯದವರು ತಪ್ಪಿದ್ದಾರೆ.

"ಅವರನ್ನೇ ಕೇಳಿ," ಎಂದೆ. ಭವನದ ಗೋಡೆಯ ಫೋನಿಗೆ ಧ್ವನಿ ಜೋರು ಮಾಡುವ ಗುಂಡಿ ಇತ್ತು. ನಮ್ಮೂರಿನಲ್ಲಿ ಆಗ ಮಧ್ಯಾಹ್ನ ಮೂರೂವರೆ. ದೊಡ್ಡಪ್ಪನ ಗುಂಡಿ ಫೋನಿಗೆ ಕರೆ ಹೋಯಿತು.

"ಯಾರ್ರೀ? ಕಂಪ್ನಿಯೋರಾ? ನಂಗೇನೂ ಬೇಡ, ಇಡ್ರಿ." ಕಟ್.

ಮತ್ತೆ ಮಾಡಿದೆ. "ಹೇಳಿದ್ನಲ್ರಿ, ಬೇಡ." ಕಟ್. ಹದಿನಾಲ್ಕು ಜನ ನನ್ನನ್ನೇ ನೋಡುತ್ತಿದ್ದರು. ಮೂರನೇ ಸಲ ಅವರು ಬಾಯಿ ತೆರೆಯುವ ಮೊದಲೇ ಕೂಗಿದೆ, "ದೊಡ್ಡಪ್ಪ, ನಾನು ಲಕ್ಕಿ."

"ಏನವ್ವ, ಉಂಡ್ಯಾ?" ಹಿಂದೆ ಕುರಿ ಅರಚುತ್ತಿದ್ದವು, ಭವನದ ತುಂಬ ಅದೇ ಸದ್ದು.

"ಉಂಡೆ. ಹಳ್ಳ ದಾಟೋ ಕಡೆ ನೀವು ಒಂದು ಪೆಟ್ಟು ತಪ್ಪಿದೀರಿ ಅಂತಾರೆ ಇಲ್ಲಿ ಒಬ್ರು."

"ತಪ್ಪಾ? ಆ ಯಪ್ಪ ಯಾವತ್ತಾದ್ರೂ ಹಳ್ಳ ದಾಟುವಾಗ ಕುರಿ ಎಣಿಸಿದಾನಾ ಕೇಳು. ಹಿಂದೊಂದು ಉಳ್ಕಂತೈತೆ. ಅದು ಬರೋತಂಕ ಮುಂದಿನವು ನಿಂತ್ಕಂತವೆ. ಹಾಡು ನಿಲ್ಲಬ್ಯಾಡ್ವ? ನಮ್ಮಪ್ಪ ಅಲ್ಲಿ ಸೀದಾ ಹಾಡ್ತಿದ್ದ. ನಂಗೆ ಸರಿ ಕಾಣ್ಲಿಲ್ಲ, ಮುರ್ದೆ. ಎರಡು ಮಳೆಗಾಲ ಹಿಡೀತು ಅದು ಬಾಯಿಗೆ ಕೂರಾಕೆ."

ಇಂಗ್ಲಿಷಿಗೆ ಹೇಳಿದೆ.

"ಅವ್ರು ಹೂಂ ಅಂತಾರೇನವ್ವ?" ದೊಡ್ಡಪ್ಪ ಕೇಳಿದರು.

"ಇಲ್ಲ. ಕಣ್ಣು ಮುಚ್ಕಂಡು ಕುಂತಿರ್ತಾರೆ."

"ನಿದ್ದೆ ಮಾಡ್ತಾವ್ರೆ, ಎಬ್ಬಿಸು." ಎಂದವರೇ ಹಾಡತೊಡಗಿದರು. ಹಳ್ಳದ ಭಾಗವನ್ನು ಮೂರು ಸಲ ಹಾಡಿದರು. ಮೂರು ಸಲವೂ ಏಳು. ಗ್ರಹಾಂ ಜೇಬಿನ ಕಾಗದ ತೆಗೆದು ಗೆರೆ ಹಾಕುತ್ತಿದ್ದರು. ಮೂರನೆಯ ಸಲ ಮಂದೆ ದಡ ಹತ್ತಿದಾಗ ಮುಂದಿನ ಸಾಲಿನಿಂದ ಗಂಟಲು ಸರಿಮಾಡಿಕೊಂಡ ಹಾಗೆ ಒಂದು ಸದ್ದು ಬಂತು. "ಹೂಂ." ಗ್ರಹಾಂ ಕಾಗದದಿಂದ ತಲೆ ಎತ್ತಿರಲಿಲ್ಲ.

ಮತ ಹಾಕುವ ಅವರ ಕ್ರಮ ಹೀಗೆ. ಎಲ್ಲರ ಕೈಯಲ್ಲೂ ಒಂದೊಂದು ತಟ್ಟೆಯ ರಟ್ಟಿನ ಹೊದಿಕೆ ಇರುತ್ತದೆ. ಸೇರುತ್ತದೆ ಎಂದರೆ ಚಿತ್ರದ ಮಗ್ಗುಲು ತೋರಿಸಬೇಕು, ಇಲ್ಲವೆಂದರೆ ಹಿಂಬದಿ. ಎಂಟು ಚಿತ್ರ, ಆರು ಹಿಂಬದಿ. ಹಿಂಬದಿಯ ಆರರಲ್ಲಿ ಗ್ರಹಾಂ ಅವರದೂ ಒಂದು.

ಹೆಲೆನ್ ಪ್ರಮಾಣಪತ್ರ ತಂದು ಕೈಗಿಟ್ಟರು. ಎಲ್ಲವನ್ನೂ ಮೊದಲೇ ಅಚ್ಚು ಹಾಕಿಸಿಟ್ಟಿದ್ದರು. ನನ್ನ ಹೆಸರು ಸರಿಯಾಗಿತ್ತು. ಕಲಾವಿದ ಎನ್ನುವ ಕಡೆ ಒಂದೇ ಪದ: ಸಾಂಪ್ರದಾಯಿಕ.

ಹಿಂದಕ್ಕೆ ಚಾಚಿದೆ. "ಇದನ್ನು ನಾನು ತೆಗೆದುಕೊಳ್ಳುವುದಿಲ್ಲ."

"ಹಳೆಯ ಹಾಡಿಗೆ ಹಾಗೆ ಬರೆಯುವುದು ರೂಢಿ," ಎಂದರು ಹೆಲೆನ್, ನೊಂದುಕೊಂಡು. "ಅದರಲ್ಲಿ ಅಗೌರವವಿಲ್ಲ."

"ಈಗ ತಾನೇ ಅವರು ಫೋನಿನಲ್ಲಿ ಮಾತಾಡಿದರು. ಉಂಡೆಯಾ ಎಂದು ಕೇಳಿದರು. ಹೆಸರಿಲ್ಲದವರು ಹಾಗೆ ಕೇಳುತ್ತಾರೆಯೇ?"

ನಾನು ಚಾಚಿದ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆಗ ಗ್ರಹಾಂ ಎದ್ದು ಬಂದು ಕಾಗದ ಇಸಿದುಕೊಂಡರು. "ನಾನು ಇದು ರಾಕ್ ಅಲ್ಲ ಎಂದೆ, ಈಗಲೂ ಹಾಗೆಯೇ ಎನ್ನುತ್ತೇನೆ. ಆದರೆ ಮೂವತ್ತೈದು ವರ್ಷ ಕಾಗದ ಹಂಚಿದವನು ನಾನು. ಹೆಸರಿಲ್ಲದ ಕಾಗದವನ್ನು ಯಾರ ಮನೆಗೆ ಕೊಡಲಿ?" ಪೆನ್ನು ತೆಗೆದು ಅಚ್ಚಾದ ಪದಕ್ಕೆ ಅಡ್ಡಗೆರೆ ಎಳೆದರು. "ಹೇಳು, ಒಂದೊಂದೇ ಅಕ್ಷರ."

ಹೇಳಿದೆ. ಬರೆದರು. ಊರಿನ ಹೆಸರನ್ನೂ ಕೇಳಿ ಬರೆದರು. ಅದರ ಕೆಳಗೆ ನಾನು ಕನ್ನಡದಲ್ಲಿ ಬರೆದೆ: ಬೀರಪ್ಪ, ಮಾಡದಕೆರೆ.

ಮತ್ತೆ ಮಾಡದಕೆರೆ

ಮಾವ ಹಿರಿಯೂರಿನಿಂದ ಬಂದಿದ್ದರು. ವಿಮಾನದಲ್ಲಿ ಊಟ ಕೊಟ್ಟರಾ ಎಂದು ಎರಡು ಸಲ ಕೇಳಿದರು. ಹುಣಿಸೆ ಮರದ ಸುದ್ದಿ ಎತ್ತಲಿಲ್ಲ.

ದೊಡ್ಡಪ್ಪ ಹಟ್ಟಿಯ ಬಾಗಿಲಲ್ಲಿ ಕುರಿ ಒಳಗೆ ಬಿಟ್ಟು ಬಂದು ಕಟ್ಟೆಯ ಮೇಲೆ ಕೂತರು. ಪ್ರಮಾಣಪತ್ರ ಅವರ ಕೈಗೆ ಕೊಟ್ಟೆ.

"ನನ್ನೆಸ್ರು ಎಲ್ಲೈತೆ ಓದವ್ವ."

ಬೆರಳಿಟ್ಟು ತೋರಿಸಿ ಓದಿದೆ. ಮಾವ ಹಿಂದಿನಿಂದ ಬಗ್ಗಿ ನೋಡಿ ತಾವೂ ಒಂದು ಸಲ ಗಟ್ಟಿಯಾಗಿ ಓದಿದರು. ದೊಡ್ಡಪ್ಪ ಆ ಕನ್ನಡ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದರು.

"ಸೇರಲ್ಲ ಅಂದವ್ರೂ ಇದ್ರಾ?"

"ಆರು ಜನ ಇದ್ರು."

"ಇರ್ಲಿ. ಎಲ್ರೂ ತಲೆ ಆಡಿಸಿದ್ರೆ ಯಾರೂ ಕೇಳಿಲ್ಲ ಅಂತ ಅರ್ಥ." ಕಾಗದವನ್ನು ಕಂಬಳಿಯ ಮಡಿಕೆಯೊಳಗೆ ಇಟ್ಟುಕೊಂಡು ನನ್ನ ಫೋನಿನ ಕಡೆ ಗದ್ದ ತೋರಿಸಿದರು. "ಈಗ ಅವ್ರದ್ದು ಒಂದು ಹಾಕವ್ವ. ನಮ್ಮ ಹಟ್ಟಿಗೆ ಸೇರ್ತೈತೋ ಇಲ್ವೋ ನೋಡಾಣ."